ದೃಷ್ಟಿಬೊಟ್ಟಿನ ಪರಾರಿ ಆಸಾಮಿ

ಹೋದ ವಾರ ನಾನು ತೊಗರಿ ವಿಮೆ ಅರ್ಜಿ ಹಾಕೋಣ ಅಂತ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಸರದಿಯಲ್ಲಿ ನನಗಿಂತ ಮುಂದೆ ಅಮೆರಿಕ ಕೂತಿತ್ತು.

ಅಂದರೆ ನಮ್ಮ ಓಣಿಯ ಹುಡುಗ. ವಯಸ್ಸು 22. ಅಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಐ-20 ಅನ್ನುವ ಕಾಲೇಜಿನ ಪ್ರವೇಶ ಪತ್ರ ಬಂದಿದೆ, ಈಗ ಡಿಎಸ್-160 ಅನ್ನುವ ವೀಸಾ ಫಾರ್ಮು ತುಂಬುತ್ತಿದ್ದ. ಪಕ್ಕದಲ್ಲಿ ಅವರಪ್ಪ. ಸೀಟು ಸಿಕ್ಕ ಮನೆಯವರ ಮುಖ ಹಾಗಿರುವುದಿಲ್ಲ.

ವೀಸಾ ಸುದ್ದಿಗಳನ್ನು ನೀವೂ ದಿನಾ ಓದುತ್ತೀರಿ, ಮತ್ತೆ ಹೇಳಲ್ಲ. ಓದಲು ಹೋಗುವ ಹುಡುಗರು ತಮ್ಮ ಇನ್‌ಸ್ಟಾಗ್ರಾಂ ಬೀಗ ತೆಗೆದು ಅಮೆರಿಕದ ಅಧಿಕಾರಿಗಳಿಗೆ ತೋರಿಸಬೇಕು ಅಂತ 2025ರಲ್ಲಿ ಆದೇಶ ಬಂತಲ್ವಾ? ಇವನ ಖಾತೆಯಲ್ಲಿರುವುದು ಶರಣಬಸವೇಶ್ವರ ಜಾತ್ರೆಯ ತೇರು, ಮಿರ್ಚಿ ಭಜಿ, ಮತ್ತೆ ಮೂರು ಬೈಕು. ಅದೆಲ್ಲ ಸಲೀಸಾಗಿ ಮುಗಿದಿತ್ತು. ಕುತ್ತು ಬಂದದ್ದು ಹೌದು-ಇಲ್ಲ ಪ್ರಶ್ನೆಗಳಲ್ಲಿ.

ಆ ಪ್ರಶ್ನೆಗಳನ್ನು ಒಮ್ಮೆ ಓದಿ ನೋಡಬೇಕು ನೀವು. ಭಯೋತ್ಪಾದನೆ ಮಾಡುವ ಇರಾದೆ ಇದೆಯಾ? ಗೂಢಚಾರಿಕೆ? ನರಮೇಧದಲ್ಲಿ ಪಾಲ್ಗೊಂಡಿದ್ದೀರಾ? ಮಕ್ಕಳನ್ನು ಸೈನಿಕರಾಗಿ ಸೇರಿಸಿಕೊಂಡಿದ್ದೀರಾ? ಯಾರದಾದರೂ ಅಂಗಾಂಗ ಬಲವಂತವಾಗಿ ಕಸಿ ಮಾಡಿಸಿದ್ದೀರಾ? 'ಹೌದ್ರಿ, ಬರೋ ಸೋಮವಾರ ಅದ' ಅಂತ ಬರೆಯುವ ಭಯೋತ್ಪಾದಕ ಯಾವ ಊರಲ್ಲಿದ್ದಾನೋ ಕಾಣೆ. ಹುಡುಗ ಎಲ್ಲಕ್ಕೂ ಇಲ್ಲ, ಇಲ್ಲ, ಇಲ್ಲ ಒತ್ತುತ್ತಾ ಬಂದು ಒಂದು ಕಡೆ ನಿಂತುಬಿಟ್ಟ. ಅಮೆರಿಕದಲ್ಲಿ ಕೊಟ್ಟ ಅವಧಿಗಿಂತ ಜಾಸ್ತಿ ದಿನ ಇದ್ದಿರಾ?

ಇದ್ದ. ಅವನಿಗೆ ಆಗ ಆರು ವರ್ಷ.

ಅವರಪ್ಪ ಪ್ಲಾಸ್ಟಿಕ್ ಕವರಿನಿಂದ ಹಳೆ ಪಾಸ್‌ಪೋರ್ಟ್ ತೆಗೆದರು. 2004ರಲ್ಲಿ ಮಾಡಿಸಿದ್ದು, ಕೂಸಿಗೆ ಆಗಷ್ಟೇ ಒಂದು ವರ್ಷ. ಫೋಟೊದಲ್ಲಿ ಗಲ್ಲದ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು, ಅದೂ ಸ್ವಲ್ಪ ಒರೆಸಿಹೋಗಿದೆ. ಹಿಂದಿನಿಂದ ಯಾರೋ ಹಿಡಿದು ಕೂಡಿಸಿದ್ದಾರೆ, ಬೆರಳ ತುದಿ ಕಾಣುತ್ತದೆ. ಸಹಿ ಇರಬೇಕಾದ ಜಾಗದಲ್ಲಿ ಹೆಬ್ಬೆಟ್ಟು, ಹುಣಸೆಬೀಜದಷ್ಟು. ಅಮೆರಿಕದ ಗಡಿ ಕಾನೂನು ಮುರಿದ ಆಸಾಮಿ ಇವನೇ.

ಅಪರಾಧ ನಡೆದ ಬಗೆ ಕೇಳಿ. 2008ರಲ್ಲಿ ಅಪ್ಪ ಕಂಪನಿ ಕೆಲಸದ ಮೇಲೆ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಅಮೆರಿಕಕ್ಕೆ ಹೋದರು. ಹೆಂಡತಿ, ಮಗ ಎಚ್-4 ಅನ್ನುವ ಕುಟುಂಬದವರ ವೀಸಾದಲ್ಲಿ ಜೊತೆಗೆ. ಮೂವರಿಗೂ ವೀಸಾ 2011ರ ತನಕ. ವೀಸಾ ಅನ್ನುವುದು ಬಾಗಿಲು ತಟ್ಟಲು ಕೊಟ್ಟ ಪರವಾನಗಿ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಏರ್‌ಪೋರ್ಟಿನಲ್ಲಿ ಕೊಡುವ ಐ-94 ಅನ್ನುವ ಚೀಟಿ. ಆಗ ಅದು ಪಾಸ್‌ಪೋರ್ಟಿಗೆ ಪಿನ್ನು ಹೊಡೆದ ಬಿಳಿ ಕಾರ್ಡು, 2013ರ ನಂತರ ಕಂಪ್ಯೂಟರಿಗೆ ಹೋಯಿತು. ಇನ್ನು ನಮ್ಮ ದೇಶದಲ್ಲಿ ಸಣ್ಣ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ. ಮುಖ ಬದಲಾಗುತ್ತದಲ್ಲ, ಅದಕ್ಕೆ. ಕೂಸಿನ ಪಾಸ್‌ಪೋರ್ಟ್ 2009ಕ್ಕೆ ಮುಗಿಯುವುದಿತ್ತು. ಅಲ್ಲಿನ ಅಧಿಕಾರಿ ಅದನ್ನು ನೋಡಿ ಅಪ್ಪ ಅವ್ವನಿಗೆ 2011 ಅಂತ ಬರೆದ, ಮಗನಿಗೆ 2009 ಅಂತ ಬರೆದ. ಸೀಲಿನ ಕೆಳಗೆ ನೀಲಿ ಪೆನ್ನಿನಲ್ಲಿ ಗೀಚಿದ್ದು ಈಗಲೂ ಇದೆ. ಒಂಬತ್ತೋ ಏಳೋ ಗೊತ್ತಾಗದ ಹಾಗೆ.

ಅಪ್ಪ 2009ರಲ್ಲಿ ಅಲ್ಲಿನ ನಮ್ಮ ಕಾನ್ಸುಲೇಟಿಗೆ ಹೋಗಿ ಮಗನಿಗೆ ಹೊಸ ಪಾಸ್‌ಪೋರ್ಟ್ ಮಾಡಿಸಿದರು. ಎಲ್ಲಾ ಸರಿಯಾಯಿತು ಅಂದುಕೊಂಡರು. ಆದರೆ ಪಾಸ್‌ಪೋರ್ಟ್ ಹೊಸದಾದರೆ ಚೀಟಿಯ ತಾರೀಖು ತಾನಾಗಿ ಮುಂದೆ ಹೋಗಲ್ಲ, ಅದಕ್ಕೆ ಬೇರೆ ಅರ್ಜಿ. ಹಾಗಾಗಿ ಎರಡು ವರ್ಷ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಅಪ್ಪ ಅವ್ವ ಕಾನೂನುಬದ್ಧ, ನಡುವೆ ಮಲಗಿದ ಹುಡುಗ ಅಕ್ರಮ. ಬೆಳಗ್ಗೆ ಎದ್ದು ಹಳದಿ ಬಸ್ಸು ಹತ್ತಿ ಶಾಲೆಗೆ ಹೋಗಿ ಎಬಿಸಿಡಿ ಕಲಿಯುತ್ತಿದ್ದ ಅಕ್ರಮ ವಲಸಿಗ. ಭಾರತ-ಅಮೆರಿಕ ಬಾಂಧವ್ಯ ಅಂತ ಭಾಷಣ ಕೇಳುತ್ತೇವಲ್ಲ, ಅದರ ಫಲ ಇದು. ಅವರೊಂದು ನಿಯಮ ಹಾಕಿದರು, ನಾವೊಂದು ನಿಯಮ ಹಾಕಿದೆವು, ಎರಡೂ ಕೂಡಿ ಒಬ್ಬ ಆರು ವರ್ಷದ ಪರಾರಿಯನ್ನು ಹೆತ್ತವು.

ಅಷ್ಟು ಹಳೆಯದನ್ನು ಈಗ ಕೇಳುವ ಅಮೆರಿಕದ ನೆನಪಿನ ಶಕ್ತಿಗೆ ಕೈ ಮುಗಿಯಬೇಕು. ನಮ್ಮಲ್ಲಿ ಕೆಲವು ಆಫೀಸುಗಳಿಗೆ ಹೋದ ತಿಂಗಳು ಕೊಟ್ಟ ಅರ್ಜಿಯೇ ನೆನಪಿರಲ್ಲ.

ನೆನಪು ಅಂದ ಕೂಡಲೇ ನನಗೆ ನಮ್ಮ ಮುತ್ಯಾ ನೆನಪಾಗುತ್ತಾನೆ. ಮುತ್ಯಾ ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ, ಅಂದರೆ ಭಾರತವೇ ಅವನ ಕಟ್ಟೆಗೆ ಬಂತು. 1956ರಲ್ಲಿ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಹೋದ, 1973ರಲ್ಲಿ ಕರ್ನಾಟಕಕ್ಕೆ ಬಂದ. ಇಷ್ಟು ರಾಜ್ಯ ತಿರುಗಿದವನು ಕಟ್ಟೆ ಬಿಟ್ಟು ಒಂದು ಹೆಜ್ಜೆ ಕದಲಲಿಲ್ಲ. ಒಂದು ಚೀಟಿ ತೋರಿಸಲಿಲ್ಲ. 'ಮುತ್ಯಾ, ನಿಜಾಮರ ರಾಜ್ಯದಾಗ ಅವಧಿ ಮೀರಿ ಇದ್ದೆಯೇನು' ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಕವಳದ ಸಂಚಿ ಎಸೆಯುತ್ತಿದ್ದ. ಅವನು ಸತ್ತ ಮೇಲೆ, 2014ರಲ್ಲಿ, ಊರಿನ ಹೆಸರೂ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಈ ಹುಡುಗನ ಹಳೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಒಂದು, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಅದಕ್ಕೆ ಬೇರೆ ವಿವರಣೆ ಬರೆಯಬೇಕೇನೋ.

ಸೆಂಟರಿನಲ್ಲಿ ಅಷ್ಟು ಹೊತ್ತಿಗೆ ಪಂಚಾಯ್ತಿ ಕೂಡಿತ್ತು. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬಂದವರು, ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಬಂದವರು, ಎಲ್ಲರೂ ಅಮೆರಿಕದ ವಕೀಲರೇ.

"ನೋ ಅಂತ ಹೊಡಿ ತಮ್ಮಾ, ಯಾರ್ ನೋಡ್ತಾರ" ಅಂದ ಸೆಂಟರ್ ಮಾಲೀಕ. ಸಾವಿರ ಫಾರ್ಮು ತುಂಬಿದ ಕೈ ಅದು, ಧೈರ್ಯ ಜಾಸ್ತಿ.

"ಹಳೇ ಪಾಸ್‌ಪೋರ್ಟ್ ಕಳದದ ಅಂತ ಬರ್ಕೊಡ್ರಿ" ಅಂದರು ಒಬ್ಬರು.

"ನಮ್ಮ ಅಳಿಯ ದುಬೈನಾಗ ಇದ್ದಾನ್ರಿ. ಅಲ್ಲಿಂದ ಅರ್ಜಿ ಹಾಕಿಸ್ರಿ, ಅಲ್ಲಿ ಅಷ್ಟು ಕೆದಕಂಗಿಲ್ಲ" ಅಂದರು ಇನ್ನೊಬ್ಬರು.

ಅಪ್ಪ ಮಾತಾಡಲಿಲ್ಲ. ಹುಡುಗನೇ ಹೇಳಿದ. ಅವನು ನಿಯಮ ಓದಿಕೊಂಡು ಬಂದಿದ್ದ, ಪಂಚಾಯ್ತಿಯಲ್ಲಿ ಓದಿದವನು ಅವನೊಬ್ಬನೇ. ಅವಧಿ ಮೀರಿ 180 ದಿನಕ್ಕಿಂತ ಜಾಸ್ತಿ ಇದ್ದು ಹೊರಬಿದ್ದರೆ ಮೂರು ವರ್ಷ ಒಳಗೆ ಬಿಡಲ್ಲ, ಒಂದು ವರ್ಷ ದಾಟಿದ್ದರೆ ಹತ್ತು ವರ್ಷ. ಆದರೆ 18 ತುಂಬುವ ಮುಂಚಿನ ದಿನಗಳನ್ನು ಈ ಶಿಕ್ಷೆಯ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅವನ ಆ ಹಳೆ ವೀಸಾ ಮಾತ್ರ ಅವತ್ತೇ ರದ್ದಾದ ಲೆಕ್ಕ, ಹೊಸದಕ್ಕೆ ತನ್ನ ದೇಶದಲ್ಲೇ ಅರ್ಜಿ ಹಾಕಬೇಕು. ದುಬೈ ಅಳಿಯ ಅಲ್ಲಿಗೆ ಮುಗಿದ. ಹೌದು ಅಂತ ಒತ್ತಿದರೆ ಕೆಳಗೆ ವಿವರಣೆಗೆ ಒಂದು ಚೌಕ ತೆರೆಯುತ್ತದೆ, ಅಲ್ಲಿ ನಡೆದದ್ದು ಬರೆದರಾಯಿತು. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದಕ್ಕೆ ಮೂರು, ಹತ್ತು ಅನ್ನುವ ಲೆಕ್ಕವಿಲ್ಲ, ಜೀವನ ಪೂರ್ತಿ ಬಾಗಿಲು ಬಂದ್. ಅದಕ್ಕೆ ಮನ್ನಾ ಕೇಳಬಹುದು, ಸಿಗುವುದು ಅವರ ಮರ್ಜಿ.

ಅಂದರೆ ನೋಡಿ, ಆರು ವರ್ಷದವನಾಗಿದ್ದಾಗ ಮಾಡಿದ್ದಕ್ಕೆ ಕಾನೂನು ಶಿಕ್ಷೆಯನ್ನೇ ಇಟ್ಟಿಲ್ಲ. ಶಿಕ್ಷೆ ಇರುವುದು ಇವತ್ತು ಈ ಪಂಚಾಯ್ತಿಯ ಮಾತು ಕೇಳಿ ಮಾಡುವುದಕ್ಕೆ.

ಅಷ್ಟರಲ್ಲಿ ಪರದೆಯ ಮೇಲೆ ಏನೋ ಬಂತು. ಆ ಫಾರ್ಮು ಸುಮಾರು 20 ನಿಮಿಷ ಸುಮ್ನೆ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನಾವು ಮಾತಾಡುತ್ತಾ ಅಲ್ಲೂ ಅವಧಿ ಮೀರಿ ಕೂತಿದ್ದೆವು. ಮಾಲೀಕ ಮತ್ತೆ ಮೊದಲಿಂದ ಒಳಗೆ ಹೋದ.

ನಗು ಬರುತ್ತದೆ, ಹೌದು. ನಾನೂ ನಕ್ಕೆ. ಆದರೆ ಅಲ್ಲಿ ಕೂತ ಆ ಅಪ್ಪನನ್ನು ನೋಡಿದ ಮೇಲೆ ನಗಲಾಗಲಿಲ್ಲ. ಆ ಮನುಷ್ಯ ಅವತ್ತು ಕಳ್ಳತನ ಮಾಡಿದ್ದಲ್ಲ. ಹೊಸ ಪಾಸ್‌ಪೋರ್ಟಿಗೆ ದುಡ್ಡು ಕಟ್ಟಿ, ರಜೆ ಹಾಕಿ, ಸಾಲಿನಲ್ಲಿ ನಿಂತು ಬಂದವರು. ಯಾರಾದರೂ ಒಬ್ಬರು, ಗಡಿಯಲ್ಲಿ ನಿಂತವನು, ಕಾನ್ಸುಲೇಟಿನ ಕಿಟಕಿಯಲ್ಲಿ ಕೂತವನು, ಕಂಪನಿಯ ಕಡೆಯವನು, 'ಸಾರ್, ಮಗುವಿನ ತಾರೀಖು ಬೇರೆ ಇದೆ, ನೋಡಿಕೊಳ್ಳಿ' ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಕೇಳುವುದು ಮಾತ್ರ ಎಲ್ಲರ ಕೆಲಸ. ಈಗ 22 ವರ್ಷದ ಮಗ ಅಪ್ಪನ ಎದುರೇ ಕೂತು 'ತಪ್ಪು ನಮ್ಮ ತಂದೆಯ ಗಮನಕ್ಕೆ ಬಂದಿರಲಿಲ್ಲ' ಅಂತ ಬೇರೆ ದೇಶಕ್ಕೆ ಬರೆದುಕೊಡಬೇಕು. ಸಾಕಾಗಿದೆ ಈ ಕಾಗದಗಳ ಸಹವಾಸ. ನಿಜಕ್ಕೂ ಸಾಕಾಗಿದೆ.

ಹುಡುಗ ಹೌದು ಒತ್ತಿದ. ಚೌಕದಲ್ಲಿ ನಾಲ್ಕು ಸಾಲು ಬರೆದ. ಅಪ್ಪನ ಹೆಸರು ಬರುವ ಸಾಲು ಬಂದಾಗ ಪರದೆಯನ್ನು ಸ್ವಲ್ಪ ಆ ಕಡೆ ತಿರುಗಿಸಿಕೊಂಡ.

ಸಂದರ್ಶನಕ್ಕೆ ಹೈದರಾಬಾದಿಗೇ ಹೋಗುತ್ತಾರಂತೆ, ನಮಗೆ ಅದೇ ಹತ್ತಿರ. ಬೆಂಗಳೂರಿನಲ್ಲೂ 2025ರ ಜನವರಿಯಲ್ಲಿ ಅಮೆರಿಕ ಕಾನ್ಸುಲೇಟ್ ಉದ್ಘಾಟನೆ ಆಯಿತು, ಅವತ್ತು ಅಲ್ಲಿ ವೀಸಾ ಒಂದು ಬಿಟ್ಟು ಎಲ್ಲ ಇತ್ತು. ಹೈದರಾಬಾದ್ ಕಿಟಕಿಯಲ್ಲಿ ಕೂತವರಿಗೆ ಇವನು ಓದು ಮುಗಿಸಿ ವಾಪಸ್ ಬರುತ್ತಾನೆ ಅಂತ ನಂಬಿಕೆ ಬರಬೇಕು, ಇಲ್ಲವಾದರೆ 214(ಬಿ) ಅಂತ ವೀಸಾ ನಿರಾಕರಣೆಯ ಒಂದು ಚೀಟಿ ಕೈಗೆ. ಎಂಟು ವರ್ಷದವನಿದ್ದಾಗ ಯಾರೂ ಹಿಡಿದು ದಬ್ಬದೆ, ತಾನಾಗೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಿದ್ದನಲ್ಲ ಅಂತ ನಾನು ಹೇಳಿದೆ. ಹುಡುಗ ನಕ್ಕು, 185 ಡಾಲರ್ ಕಟ್ಟಿ ಇದನ್ನೇ ಹೇಳಬೇಕು ಕಾಕಾ ಅಂದ.

ಅವರವ್ವ ಮಾತ್ರ ಕಾನೂನಿನ ಮೇಲೆ ಭಾರ ಹಾಕಿಲ್ಲ. ಹೈದರಾಬಾದ್ ಹತ್ತಿರದ ಚಿಲಕೂರು ಬಾಲಾಜಿಗೆ ಬೇಡಿಕೊಂಡಿದ್ದಾರೆ. ವೀಸಾ ಬಾಲಾಜಿ ಅಂತಲೇ ಹೆಸರು ಅವನಿಗೆ. ಮೊದಲು 11 ಸುತ್ತು, ಕೆಲಸ ಆದ ಮೇಲೆ 108. ಸಂಜೆ ಅವರ ಮನೆಗೆ ಹೋದಾಗ ಅವರು ರೊಟ್ಟಿ ಬಡಿಯುತ್ತಾ ಅದನ್ನೇ ಹೇಳುತ್ತಿದ್ದರು.

"ಎವ್ವಾ, ಲೆಕ್ಕ ತಪ್ಪಿ ಹನ್ನೆರಡು ಹಾಕಿದ್ರ ಅದೂ ಓವರ್‌ಸ್ಟೇ ಆಗ್ತದೇನು?" ಅಂತ ಕೇಳಿದ ಹುಡುಗ.

"ಸುಮ್ನಿರು" ಅಂದರು ಅವ್ವ. ರೊಟ್ಟಿ ಬಡಿಯುವುದು ನಿಲ್ಲಿಸಿ ಬೆರಳು ಮಡಿಚುತ್ತಾ ಏನೋ ಎಣಿಸತೊಡಗಿದರು.