ಮಂಗಳೂರಲ್ಲಿ ಸಮುದ್ರ ಎಲ್ಲಿದೆ?

ದಾವಣಗೆರೆಯವನಾದ ನನಗೆ ಇಷ್ಟು ವರ್ಷ ಮಂಗಳೂರು ಅಂದ್ರೆ ಬಸ್ಸು ಬದಲಿಸುವ ಊರು. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು ಸುತ್ತುವಾಗ ಅಲ್ಲೊಂದು ರಾತ್ರಿ ಮಲಗಿ, ಪಣಂಬೂರಲ್ಲಿ ಕಾಲು ತೋಯಿಸಿ, ಗಡ್‌ಬಡ್ ಐಸ್‌ಕ್ರೀಂ ತಿಂದು ವಾಪಸ್ ಬಂದವರೇ ನಾವೆಲ್ಲ. ಈ ಸಲ ಡಿಸೆಂಬರ್ ರಜೆಯಲ್ಲಿ ಹೆಂಡತಿ ಮಕ್ಕಳು ತವರಿಗೆ ಹೊರಟರು. ನಾನೊಬ್ಬನೇ ಮಂಗಳೂರಿಗೆ ಹೋಗಿ ಒಂದಿಡೀ ದಿನ ನಡೆದೆ. ಆಟೋ ಹತ್ತಬಾರದು, ಅದೊಂದೇ ನಿಯಮ.

ಹೋದಮೇಲೆ ಗೊತ್ತಾಗಿದ್ದು, ಈ ಬಂದರು ಊರಿನ ಬೀದಿಯಲ್ಲಿ ನಿಂತರೆ ಸಮುದ್ರವೇ ಕಾಣೋದಿಲ್ಲ! ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ ಬಂದು ಸೇರಿ ಅಳಿವೆ ಬಾಗಿಲಲ್ಲಿ ಕಡಲಿಗೆ ಬೀಳುತ್ತವೆ. ಊರಿಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳುದಿಬ್ಬ ಅಡ್ಡ ಮಲಗಿದೆ. ಹಳೆ ಬಂದರು ಇರೋದು ಹೊಳೆ ದಡದಲ್ಲಿ. ಅಳಿವೆಯಲ್ಲಿ ಹೂಳು ತುಂಬೋದರಿಂದ ದೊಡ್ಡ ಹಡಗು ಒಳಗೆ ಬರೋಕಾಗದು. ಅದಕ್ಕೇ ಪಣಂಬೂರಲ್ಲಿ ಹೊಸ ಬಂದರು ಕಟ್ಟಿದರು. ಅದು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಯ್ತು. ಹಳೆಯದಕ್ಕೆ ಮೀನು ಉಳಿಯಿತು, ಸರಕು ಸಾಗಿಸುವ ಮರದ ಮಂಜಿ ಉಳಿಯಿತು.

ಬೆಳಿಗ್ಗೆ ಆರಕ್ಕೆ ಮೀನು ಇಳಿಸುವ ಧಕ್ಕೆಯಲ್ಲಿದ್ದೆ. ಮೀನು ಮುಟ್ಟದ ಮನೆಯವನು ನಾನು, ಎರಡು ಗಂಟೆ ಮೂಗು ಮುಚ್ಚದೆ ನಿಂತೆ. ಐಸ್ ಪುಡಿ ಮಾಡುವ ಮಿಷನ್ನಿನ ಸದ್ದು, ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ, ಏಲಂ ಕೂಗು. ದರ ಇಳಿಸೋಕೆ ಬಂದವನನ್ನು ಒಬ್ಬ ಹೆಂಗಸು ತುಳುವಿನಲ್ಲಿ ಏನೋ ಅಂದರು. ನನಗೆ ಭಾಷೆ ಬರಲ್ಲ. ಆದರೂ ಆತ ಪೂರ್ತಿ ದುಡ್ಡು ಕೊಟ್ಟಿದ್ದು ನೋಡಿ ಅರ್ಥ ಆಯ್ತು.

ಅಲ್ಲಿಂದ ಬಂದರದ ಗೋದಾಮುಗಳ ಕಡೆ ನಡೆದೆ. ಹಂಚಿನ ಮಾಡು, ಒಣಮೆಣಸಿನ ಘಾಟು. ನೀರಿನ ಪಕ್ಕ ಮೂಟೆ ಇಳಿಸುತ್ತಿದ್ದರು. ನಾನು ನಿಂತಿದ್ದು ಕಂಡು ಒಬ್ಬರು ಕೇಳಿದರು:

"ಎಂತ ನೋಡುದು ಸರ್?"

"ಹಡಗು."

"ಇದು ಹಡಗಲ್ಲ ಮಾರಾಯ್ರೇ, ಮಂಜಿ. ಲಕ್ಷದ್ವೀಪಕ್ಕೆ ಹೋಗುದು. ಅಲ್ಲಿ ತೆಂಗು, ಮೀನು ಬಿಟ್ರೆ ಎಂತ ಉಂಟು? ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಎಲ್ಲ ಇಲ್ಲಿಂದಲೇ."

ಮಳೆಗಾಲದಲ್ಲಿ ಮಂಜಿ ಕಟ್ಟಿಹಾಕ್ತಾರಂತೆ. ಮೂಟೆ ತೋರಿಸಿ, "ನೀರುಳ್ಳಿ ನಿಮ್ಮ ಕಡೆಯದ್ದೇ" ಅಂದರು. ನಾನು ಯಾವ ಕಡೆ ಅಂತ ಹೇಳಿರಲೇ ಇಲ್ಲ, ಮಾತಿನಲ್ಲೇ ಹಿಡಿದಿದ್ದರು.

ಈ ದಡಕ್ಕೆ ಕಡಲಾಚೆಯ ವ್ಯಾಪಾರ ಹೊಸದಲ್ಲ. 12ನೇ ಶತಮಾನದಲ್ಲಿ ಟುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಇಲ್ಲಿ ಸುಮಾರು 17 ವರ್ಷ ಇದ್ದ, ಕಂಚಿನ ಪಾತ್ರೆಯ ಕಾರ್ಖಾನೆ ನಡೆಸಿದ್ದ. ಕೈರೋದ ಸಿನಗಾಗ್ ಒಂದರಲ್ಲಿ ಸಿಕ್ಕ ಹಳೇ ಪತ್ರಗಳಲ್ಲಿ ಅವನ ಲೆಕ್ಕಪತ್ರ ಇದೆ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ಬೊಮ್ಮ ಅಂತ ಓದಿದ್ದಾರೆ. ಬೊಮ್ಮ! ನಮ್ಮೂರ ಸಂತೆಯಲ್ಲಿ ಕೂಗಿದರೆ ಇವತ್ತೂ ಯಾರಾದರೂ ತಿರುಗಿ ನೋಡುವ ಹೆಸರು. 14ನೇ ಶತಮಾನದಲ್ಲಿ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿನ ಮೆಣಸು, ಶುಂಠಿ, ಪರ್ಷಿಯಾ-ಯೆಮೆನ್ ವರ್ತಕರ ಬಗ್ಗೆ ಬರೆದಿದ್ದಾನೆ. ಇಷ್ಟೆಲ್ಲ ನಡೆದ ಜಾಗದಲ್ಲಿ ನನ್ನ ಕಣ್ಣಿಗೆ ಇದನ್ನು ಹೇಳುವ ಒಂದು ಫಲಕವೂ ಬೀಳಲಿಲ್ಲ. ಫುಟ್‌ಪಾತ್ ಹುಡುಕಿದೆ, ಸಿಕ್ಕ ಕಡೆ ಅದರ ಮೇಲೆ ಸ್ಕೂಟರ್ ನಿಂತಿತ್ತು.

ಹಾಗಂತ ಅಭಿವೃದ್ಧಿ ಮಾಡಿ ಅಂತ ಕೇಳೋಕೂ ನನಗೆ ಭಯ. ಗೋದಾಮು ಕೆಡವಿ, ಟೈಲ್ಸ್ ಹಾಸಿ, 'ಐ ಲವ್' ಬೋರ್ಡ್ ನಿಲ್ಲಿಸಿ, ಮೂಟೆ ಹೊರುವವರನ್ನು ಗೇಟಿನಾಚೆ ಕಳಿಸಿಬಿಟ್ಟರೆ? ಬೀಚು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಕೆಲಸ ಮಾಡ್ತಿರುವ ಬಂದರು ಹಾಗಲ್ಲ. ಎರಡು ಫಲಕ, ನೆರಳಿಗೆ ನಾಲ್ಕು ಮರ, ನಡೆಯೋಕೆ ಮೂರಡಿ ಜಾಗ ಸಾಕು.

ಕಟ್ಟಿಗೆಯ ಕೆತ್ತನೆಯ ಝೀನತ್ ಬಕ್ಷ್ ಮಸೀದಿ ಇರುವುದು ಇದೇ ಬಂದರದಲ್ಲಿ. ಅಲ್ಲಿ ಕಿವಿಗೆ ಬಿದ್ದ ಬ್ಯಾರಿ ಭಾಷೆ ರಥಬೀದಿಗೆ ಬರುವಷ್ಟರಲ್ಲಿ ಕೊಂಕಣಿಯಾಗಿತ್ತು. ಅಲ್ಲಿ ಬನ್ಸ್, ಗೋಳಿಬಜೆ. ಬಿಸಿಲಲ್ಲಿ ಲೈಟ್‌ಹೌಸ್ ಗುಡ್ಡ ಹತ್ತಿ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಕಲಾವಿದ ಮೊಸ್ಕೆನಿ ಬಿಡಿಸಿದ ಚಿತ್ರಗಳನ್ನು ನೋಡಿದೆ. ಚಂದ ಇವೆ. ನಿಜ ಹೇಳಬೇಕಂದ್ರೆ ಆ ಹೊತ್ತಿಗೆ ಅದಕ್ಕಿಂತ ಚಂದ ಅನಿಸಿದ್ದು ಅಲ್ಲಿನ ತಂಪು.

ಗುಡ್ಡದಿಂದ ಕೆಳಗೆ ನೋಡಿದರೆ ತೆಂಗಿನ ನಡುವೆ ಕೆಂಪು ಮಾಡುಗಳು. ದಾವಣಗೆರೆಯ ನಮ್ಮ ಅಜ್ಜನ ಮನೆ ಮೇಲೂ ಮಂಗಳೂರು ಹಂಚೇ ಇತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಈ ಹೊಳೆಗಳ ಮಣ್ಣಿನಿಂದ ಶುರು ಮಾಡಿದ ಕೆಲಸ ಅದು. ಹಂಚು ಕೈಯಾಡುವಾಗ ಒಡೆದರೆ ಅಜ್ಜ ಬೈಯೋರು, "ಮಂಗ್ಳೂರಿಂದ ಬರ್ಬೇಕಲೇ ಅದು!"

ಸಂಜೆ ಸುಲ್ತಾನ್ ಬತ್ತೇರಿ. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ, ಗಾಳಿಮರಗಳನ್ನು ದಾಟಿದ ಮೇಲೆ ಅಂತೂ ಸಮುದ್ರ. ಬೆಳಿಗ್ಗೆಯಿಂದ 14 ಕಿಲೋಮೀಟರ್ ಆಗಿತ್ತು. ದೂರದಲ್ಲಿ ಹಡಗುಗಳು ಸರದಿಗೆ ಕಾಯ್ತಾ ನಿಂತಿದ್ದವು.

ಮರುದಿನ ಬಸ್ಸಿಗೆ ಮುಂಚೆ ಮತ್ತೆ ಬಂದರಿಗೆ ಹೋದೆ. ಮಂಜಿ ಹೊರಟುಹೋಗಿತ್ತು. ಕಟ್ಟೆ ಮೇಲೆ ಒಂದಿಷ್ಟು ಈರುಳ್ಳಿ ಸಿಪ್ಪೆ. ನಮ್ಮ ಕಡೆಯ ಈರುಳ್ಳಿ ಸಮುದ್ರ ದಾಟುತ್ತಿತ್ತು, ನಾನು ದಾಟಿದ್ದು ಒಂದು ಹೊಳೆ.