ಫಾರ್ಮ್ ಜ್ಯಾಕ್ ಮತ್ತು ಬೇಲಿಯ ಕೆಲಸ

ಮಲೆನಾಡಿನ ತೋಟಗಳಲ್ಲಿ ಜೀಪಿನ ಜೊತೆಗೆ ಬಂದ, ಹಿಡಿ ಒತ್ತಿ ಭಾರ ಎತ್ತುವ ಉದ್ದನೆಯ ಫಾರ್ಮ್ ಜ್ಯಾಕ್ ಈಗ ಗೂಟ ಕೀಳುವುದಕ್ಕೂ ಮುಳ್ಳುತಂತಿ ಬಿಗಿಯುವುದಕ್ಕೂ ಬಳಕೆಯಾಗುತ್ತಿದೆ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್‌ನಲ್ಲಿ 1905ರಿಂದ ತಯಾರಾಗುತ್ತಿರುವ ಹೈ-ಲಿಫ್ಟ್ ಜ್ಯಾಕ್ ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು. ಉಪಯುಕ್ತ ಸಾಧನವೆಂಬುದರಲ್ಲಿ ಅನುಮಾನವಿಲ್ಲ. ಆದರೆ ನಮ್ಮವರು ಭಾರ ಎತ್ತುವಾಗ ಪಡುವ ಎಚ್ಚರವನ್ನು ಇಳಿಸುವಾಗ ಪಡುವುದಿಲ್ಲವೆಂಬುದು ನನ್ನ ತಕರಾರು.

ಇದರ ರಂಧ್ರಗಳಿರುವ ಕಂಬಿಯ ಮೇಲೆ ಎರಡು ಪಿನ್ನುಗಳು ಸರದಿಯಂತೆ ಭಾರ ಹೊತ್ತು ಹತ್ತುತ್ತವೆ. ಇಳಿಸಲು ಚಿಲಕ ತಿರುಗಿಸಿದ ಮೇಲೆ ಹಿಡಿಯನ್ನು ಮೇಲಕ್ಕೆ ತಳ್ಳುವುದು ಆ ಭಾರವೇ. ಆದ್ದರಿಂದ ಹಿಡಿಯನ್ನು ಕಂಬಿಗೆ ತಾಗುವಂತೆ ನೆಟ್ಟಗೆ ನಿಲ್ಲಿಸದೆ ಚಿಲಕ ಮುಟ್ಟಿದರೆ, ಅದು ಚಿಮ್ಮಿ ಬಂದು ದವಡೆಯನ್ನೇ ಮುರಿಯಬಲ್ಲದು. ಎತ್ತುವಾಗಲೂ ಹಿಡಿಯನ್ನು ಅರ್ಧದಲ್ಲಿ ಬಿಡಬಾರದು, ಹಿಡಿಗೂ ಕಂಬಿಗೂ ನಡುವೆ ತಲೆ ಬರಬಾರದು. ಇನ್ನು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾದರೆ ಜ್ಯಾಕ್ ಮೇಲೆ ಸುಮಾರು 68 ಕೆ.ಜಿ. ಭಾರವಾದರೂ ಇರಬೇಕು, ಅದಕ್ಕಿಂತ ಹಗುರವಾದರೆ ಎತ್ತುವ ಭಾಗ ಒಮ್ಮೆಲೇ ಜಾರಿ ಕೆಳಗೆ ಬೀಳುತ್ತದೆ.

ಬೇಲಿ ಕೆಲಸದ ವಿಶೇಷ ಅಪಾಯ ಇರುವುದು ಇಲ್ಲಿಯೇ. ಜೀಪಿನ ಭಾರ ಹಾಗೆಯೇ ಉಳಿಯುತ್ತದೆ, ಗೂಟದ್ದು ಮಾತ್ರ ಮಣ್ಣು ಬಿಟ್ಟ ಕ್ಷಣದಲ್ಲಿ ಇಲ್ಲವಾಗುತ್ತದೆ. ಗೂಟವನ್ನು ಜ್ಯಾಕ್‌ಗೆ ಬಿಗಿದ ಸರಪಳಿ ಸಡಿಲವಾಗಿ ಜ್ಯಾಕ್ ವಾಲುತ್ತದೆ. ಅದಕ್ಕೇ ಅಗಲವಾದ ಗಟ್ಟಿ ಹಲಗೆಯ ಮೇಲೆ, ಗೂಟಕ್ಕೆ ಒತ್ತಿದಂತೆ ಜ್ಯಾಕ್ ನಿಲ್ಲಿಸಿ, ಸರಪಳಿಯನ್ನು ನೆಲದ ಹತ್ತಿರವೇ ಸುತ್ತಿ, ಗೂಟ ಅಲುಗಾಡತೊಡಗಿದೊಡನೆ ನಿಲ್ಲಿಸಿ, ಉಳಿದದ್ದನ್ನು ಕೈಯಿಂದ ಕೀಳುವುದು ಲೇಸು. ಹಿಂದಿನ ದಿನ ಬುಡಕ್ಕೆ ನೀರು ಬಿಟ್ಟು, ಹಾರೆಯಿಂದ ಸುತ್ತಲೂ ಸಡಿಲಿಸಿದ್ದರೆ ಅರ್ಧ ಕೆಲಸ ಮುಗಿದಂತೆ.

ಕಲ್ಲುಕಂಬಗಳಿಗೆ ಮಾತ್ರ ಈ ಜ್ಯಾಕ್ ಹಾಕಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಗ್ರಾನೈಟ್ ಒತ್ತಡವನ್ನು ತಾಳುತ್ತದೆ, ಬಾಗುವಿಕೆಯನ್ನು ತಾಳದು. ಜ್ಯಾಕ್ ಒಂದೇ ಬದಿಯಿಂದ ಎಳೆಯುವುದರಿಂದ ಕಂಬ ನಡುವೆ ತುಂಡಾಗಿ, ಮೇಲಿನ ಭಾಗ ಹಿಡಿ ಹಿಡಿದವನ ಮೇಲೆಯೇ ಬೀಳಬಹುದು. ಅಂಥದ್ದನ್ನು ಬುಡ ಬಗೆದು ನಾಲ್ಕು ಜನ ಸೇರಿ ಎತ್ತಬೇಕು. ಕೂಲಿಯ ಖರ್ಚನ್ನು ಲೆಕ್ಕ ಹಾಕುವವರು ಆಸ್ಪತ್ರೆಯ ಖರ್ಚನ್ನೂ ಹಾಕಲಿ.

ಕೆಸರು ಮೆತ್ತಿಕೊಂಡ ಪಿನ್ನು ರಂಧ್ರದಲ್ಲಿ ಪೂರ್ತಿ ಕೂರುವುದಿಲ್ಲ. ಮಳೆಗಾಲದಲ್ಲಿ ಬಳಸಿದ ನಂತರ ತೊಳೆದು, ಒಣಗಿಸಿ, ತೆಳು ಎಣ್ಣೆ ಬಿಡಲು ಐದು ನಿಮಿಷವೂ ಬೇಡ.

ತಂತಿ ಎಳೆಯುವುದಕ್ಕೆ ಇದನ್ನು ಬಳಸಬಹುದಾದರೂ ನಾನು ಬಳಸುವುದಿಲ್ಲ. ತಂತಿಗೆ ಬೇಕಾದ ಬಿಗಿತಕ್ಕಿಂತ ಜ್ಯಾಕ್‌ನ ಬಲ ಎಷ್ಟೋ ಪಾಲು ಹೆಚ್ಚು, ಅತಿಯಾದದ್ದು ಕೈಗೆ ತಿಳಿಯುವ ಹೊತ್ತಿಗೆ ತಂತಿ ಹರಿದು ಮುಖಕ್ಕೆ ಬೀಸಿರುತ್ತದೆ. ಅಂಗಡಿಯಲ್ಲಿ ಸಿಗುವ, ತಂತಿ ಬಿಗಿಯುವ ಸಣ್ಣ ರಾಚೆಟ್ ಸಾಲದೆ ಜ್ಯಾಕನ್ನೇ ಹಾಕಬೇಕಾಗಿ ಬಂದರೂ, ದಪ್ಪ ಚರ್ಮದ ಕೈಗವಸು ಮತ್ತು ಕನ್ನಡಕ ಧರಿಸಿ, ತಂತಿಯ ನೇರಕ್ಕೆ ನಿಲ್ಲದೆ ಕಂಬದ ಮರೆಯಲ್ಲಿ ನಿಂತು ಎಳೆಯಿರಿ, ನೋಡಲು ನಿಂತ ಮಕ್ಕಳನ್ನು ಮೊದಲು ದೂರ ಕಳುಹಿಸಿ.