ಬೆರಳು ಹೇಳಿದ ಕೋರ್ಸು

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದರೆ ಸ್ವಲ್ಪ ಇಳಿಯುತ್ತದೇನೋ ನೋಡೋಣ.

ನನ್ನ ಭಾವಮೈದನ ಮಗಳು ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು. ಒಳ್ಳೆ ಮಾರ್ಕ್ಸೇ ಬಂದಿದೆ. ಮನೆಗೆ ಬಂದವಳು, "ಮಾವ, ನನ್ನ ಬೆರಳು ಕಾಮರ್ಸ್ ತಗೋ ಅಂತಿದೆಯಂತೆ" ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವರಪ್ಪ ಬ್ಯಾಗಿನಿಂದ ಮದುವೆ ಆಲ್ಬಂ ಥರದ ಬಣ್ಣಬಣ್ಣದ ರಿಪೋರ್ಟ್ ತೆಗೆದು ಟೇಬಲ್ ಮೇಲಿಟ್ಟ. ಯಾವುದೋ ಮೇಳದಲ್ಲಿ ಸ್ಕ್ಯಾನರ್ ಮೇಲೆ ಹತ್ತೂ ಬೆರಳು ಒತ್ತಿಸಿಕೊಂಡು, 3,500 ರೂಪಾಯಿ ತಗೊಂಡು ಕೊಟ್ಟಿದ್ದಾರೆ. ಎಡ ಮೆದುಳು 53.27, ಬಲ ಮೆದುಳು 46.73. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ, "ನಿಮ್ಮನ್ನು ನೀವು ಅರಿಯಿರಿ".

ನಾನು ಗಣಿತದ ಮೇಷ್ಟ್ರು ಅಂತ ನಿಮಗೆಲ್ಲ ಗೊತ್ತು. ದಶಾಂಶ ಬಿಂದುವಿನ ಮುಂದೆ ಎರಡು ಅಂಕಿ ಇದ್ದರೆ ಜನ ಕಣ್ಣು ಮುಚ್ಚಿ ನಂಬುತ್ತಾರೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಸುಮಾರು ಅರ್ಧರ್ಧ ಅಂತ ಬರೆದಿದ್ದರೆ ಯಾರು ದುಡ್ಡು ಕೊಡುತ್ತಿದ್ದರು ಹೇಳಿ?

ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುತ್ತೇವೆ ಅನ್ನುವ ಈ ಪರೀಕ್ಷೆಗೆ ಡಿಎಂಐಟಿ ಅಂತ ಹೆಸರು. ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಬುದ್ಧಿಯಲ್ಲಿ ಹಲವು ಬಗೆ ಇದೆ ಅಂತ ಬರೆದರಲ್ಲ, ಅದಕ್ಕೆ ಬೆರಳಚ್ಚು ಅಂಟಿಸಿದ್ದಾರೆ. ಗಾರ್ಡ್ನರ್ ಅವರೇ ಇದನ್ನು ಒಪ್ಪುವುದಿಲ್ಲ. ನಮ್ಮ ದೇಶದ ಮನೋವೈದ್ಯರ ಸಂಘವೂ ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಹೇಳಿಯಾಗಿದೆ. ಬೆರಳಿನ ಗೆರೆಗಳು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಮೂಡಿ ಮುಗಿಯುತ್ತವೆ. ಅಂದರೆ ಹುಟ್ಟುವ ಮೊದಲೇ ಇವಳು ಕಾಮರ್ಸ್! ಆಮೇಲೆ ಹತ್ತು ವರ್ಷ ನಾವು ಮೇಷ್ಟ್ರುಗಳು ಯಾಕೆ ಗಂಟಲು ಹರಿದುಕೊಂಡೆವೋ. ಆಧಾರ್ ಕಾರ್ಡಿಗೆ ದೇಶವೆಲ್ಲ ಹತ್ತು ಬೆರಳು ಕೊಟ್ಟಿದೆ, ಸರ್ಕಾರಕ್ಕೆ ನಮ್ಮೆಲ್ಲರ ಪ್ರತಿಭೆ ಗೊತ್ತಿರಬೇಕು. ನಮ್ಮಮ್ಮನದು ಮಾತ್ರ ಕಷ್ಟ. ಗೇಯ್ದು ಗೇಯ್ದು ಗೆರೆ ಸವೆದು ರೇಷನ್ ಅಂಗಡಿಯಲ್ಲೇ ಅವರ ಬೆರಳಚ್ಚು ಸರಿಯಾಗಿ ಬರುವುದಿಲ್ಲ.

ಆದರೆ ನನ್ನ ಸಿಟ್ಟು ಬರೀ ಸ್ಕ್ಯಾನರ್ ಮೇಲಲ್ಲ. ಈ ಹುಡುಗಿ ಎಂಟನೇ ಕ್ಲಾಸಿನ ತನಕ ಪ್ರತಿ ಬೇಸಿಗೆ ರಜೆಯಲ್ಲೂ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನನ್ನವಳ ಹೊಲಿಗೆ ಮಿಷನ್ ಪಕ್ಕದಲ್ಲೇ ಅವಳ ಜಾಗ. ಮೊದಲು ಹುಕ್ಸು, ಕಾಜ. ಆಮೇಲೆ ನ್ಯೂಸ್ ಪೇಪರ್ ಮೇಲೆ ಅಳತೆ ಹಾಕಿ ಕತ್ತರಿಸುವುದು. ಒಂದು ಸಲ ಯಾರದೋ ಬ್ಲೌಸ್ ತೋಳಿನ ಹತ್ತಿರ ಹಿಡಿಯುತ್ತಿತ್ತು. ಇವಳು ಪೇಪರ್ ಕಟಿಂಗ್ ತೆಗೆದು ಕಂಕುಳ ತಿರುವನ್ನು ಒಂದಿಷ್ಟು ಕೆಳಗಿಳಿಸಿ, "ಅತ್ತೆ, ಇಲ್ಲಿ ನೋಡಿ" ಅಂದಳು. ಸರಿಯಾಗಿತ್ತು! ನಾನು ಬೋರ್ಡ್ ಮೇಲೆ ಕಂಸ, ಜ್ಯಾ ಅಂತ ಒದರಿದರೂ ತಲೆ ಎತ್ತದ ಮಕ್ಕಳನ್ನು ನೋಡಿದವನು. ಇದನ್ನು ನೋಡಿ ಸುಮ್ಮನೆ ನಿಂತುಬಿಟ್ಟೆ.

ಒಂಬತ್ತನೇ ಕ್ಲಾಸಿಗೆ ಬಂದಿದ್ದೇ ರಜೆ ಹೋಯಿತು. ಬ್ರಿಡ್ಜ್ ಕೋರ್ಸು, ಟ್ಯೂಷನ್ನು, ಟೆಸ್ಟ್ ಸೀರೀಸು. ಎರಡು ವರ್ಷ ಮಗುವನ್ನು ಏನೂ ಮುಟ್ಟಲು ಬಿಡಲಿಲ್ಲ. ಈಗ ಅವಳಿಗೆ ಏನು ಇಷ್ಟ ಅಂತ ತಿಳಿಯಲು ಮಿಷನ್ ಬೇಕು.

ಅವಳು ಟೈಲರ್ ಆಗಲಿ ಅಂತ ನಾನು ಹೇಳುತ್ತಿಲ್ಲ, ಭಾವಮೈದನೂ ಹೀಗೇ ತಪ್ಪು ತಿಳಿದು ಮುಖ ಊದಿಸಿಕೊಂಡ. ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ ಅಂತಷ್ಟೇ ಹೇಳಿದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು ಅಂತಲೂ ಹೇಳಿದೆ. "ರಿಪೋರ್ಟಲ್ಲಿ ಅದಿಲ್ಲವಲ್ಲ ಭಾವ" ಅಂದ.

ಕೆಲವರು ಕಾಮೆಂಟಿಗೆ ಬಂದೇ ಬರುತ್ತೀರಿ. "ಸರ್, ಬೆರಳಿಂದು ಬೋಗಸ್, ಸರಿ. ಆದರೆ ನಿಜವಾದ ಆಸಕ್ತಿ ಪರೀಕ್ಷೆಗಳಿವೆಯಲ್ಲ?" ಇವೆ. ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಲ್ಲಿ ಕೆಲಸದ ಆಯ್ಕೆ ಬಗ್ಗೆ ತನ್ನ ಸಿದ್ಧಾಂತ ಮುಂದಿಟ್ಟ. ಮುಂದೆ ಅದೇ ಆರು ಬಗೆಯ ಸ್ವಭಾವ, ಆರು ಬಗೆಯ ಕೆಲಸ ಅಂತಾಯಿತು. ಅದರ ಮೇಲೆ ಕಟ್ಟಿದ ಪ್ರಶ್ನೆಪತ್ರಿಕೆಗಳು ಮಗುವನ್ನೇ ಕೇಳುತ್ತವೆ, ಅಷ್ಟರ ಮಟ್ಟಿಗೆ ವಾಸಿ. ಆದರೆ "ಯಂತ್ರ ರಿಪೇರಿ ಮಾಡುವುದು ನಿಮಗೆ ಇಷ್ಟವೇ?" ಅಂತ ಕೇಳಿದರೆ ಸ್ಕ್ರೂ ಡ್ರೈವರ್ ಹಿಡಿದೇ ಇಲ್ಲದ ಹುಡುಗ ಯಾವುದಕ್ಕೆ ಟಿಕ್ ಹಾಕಬೇಕು? ರುಚಿ ನೋಡದೆ ಇಷ್ಟವೋ ಕಷ್ಟವೋ ಹೇಗೆ ಹೇಳುತ್ತಾನೆ? ಪಕ್ಕದವನದನ್ನು ನೋಡಿ ಹಾಕುತ್ತಾನೆ, ಅಷ್ಟೇ.

ನನ್ನ ಕಥೆಯನ್ನೇ ಹೇಳುತ್ತೇನೆ. ಬಿ.ಎಡ್. ಸೇರಿದ್ದು ಸೀಟು ಸಿಕ್ಕಿತು ಅಂತ. ಮೇಷ್ಟ್ರಾಗುವ ಕನಸು ಗಿನಸು ಏನೂ ಇರಲಿಲ್ಲ. ಪ್ರಾಕ್ಟೀಸ್ ಟೀಚಿಂಗಿಗೆ ಹೋದಾಗ ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಭಿನ್ನರಾಶಿ ತಟ್ಟನೆ ಅರ್ಥವಾಯಿತು. ಅವನ ಮುಖ ನೋಡಿದ ಮೇಲೆಯೇ ನನಗೆ ಇದು ಬೇಕು ಅನ್ನಿಸಿದ್ದು. ಬೆಂಚಿನ ಮೇಲೆ ಕೂತು ನನ್ನೊಳಗೆ ಎಷ್ಟೇ ಹುಡುಕಿದ್ದರೂ ಅದು ಸಿಗುತ್ತಿರಲಿಲ್ಲ.

ಐರ್ಲೆಂಡಿನಲ್ಲಿ ಈ ವಯಸ್ಸಿನ ಮಕ್ಕಳಿಗೆ ಬೇಕಿದ್ದರೆ ಒಂದು ವರ್ಷವೇ ಇದೆ. ಟ್ರಾನ್ಸಿಷನ್ ಇಯರ್ ಅಂತ, 1974ರಲ್ಲಿ ಶುರುವಾಯಿತು. ದೊಡ್ಡ ಪರೀಕ್ಷೆಯ ಭಯವಿಲ್ಲದೆ ಅಂಗಡಿ, ಆಫೀಸು, ಆಸ್ಪತ್ರೆ ಅಂತ ಹೋಗಿ ನೋಡಿ ಬರುತ್ತಾರೆ. ನಮಗೆ ವರ್ಷ ಎಲ್ಲಿಂದ ಬರಬೇಕು, ಬಿಡಿ. 2020ರ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಹೋಗಲಿ ಅಂತ ಬರೆದಿದ್ದಾರೆ. ಆ ನೀತಿ ಬೇಕೋ ಬೇಡವೋ ಅನ್ನುವ ಜಗಳ ಇಲ್ಲಿ ತರಬೇಡಿ, ಬ್ಲಾಕ್ ಮಾಡುತ್ತೇನೆ. ಆ ಹತ್ತು ದಿನ ಮಾತ್ರ ನನಗೆ ಬೇಕು.

ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ತುಮಕೂರಿನ ಕಡೆ ಗ್ಯಾರೇಜು, ನರ್ಸರಿ, ಬೇಕರಿ, ಪ್ರಿಂಟಿಂಗ್ ಪ್ರೆಸ್, ಲ್ಯಾಬ್, ಆಡಿಟರ್ ಆಫೀಸು ಏನೇ ಇಟ್ಟುಕೊಂಡಿರುವವರು ದಸರಾ ರಜೆಯಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಒಂದಿಬ್ಬರನ್ನು ಬಿಟ್ಟುಕೊಳ್ಳುತ್ತೀರಾ? ದುಡಿಸುವುದಕ್ಕಲ್ಲ. ಪಕ್ಕದಲ್ಲಿ ನಿಂತು ನೋಡಲಿ, ಅಪಾಯವಿಲ್ಲದ್ದನ್ನು ಮುಟ್ಟಲಿ, ಬೇಜಾರಾದರೆ ಬೇಜಾರು ಅಂತ ಹೇಳಲಿ. ಇನ್‌ಬಾಕ್ಸಿಗೆ ಬನ್ನಿ. ಹೆಡ್‌ಮಾಸ್ಟರ ಹತ್ತಿರ, ಅಪ್ಪ ಅಮ್ಮಂದಿರ ಹತ್ತಿರ ನಾನು ಮಾತಾಡುತ್ತೇನೆ.